ಸೂರಮ್ಮನ ಖಾಲಿ ಶೀಟುಗಳು

ಜೂನ್ 3, ಮಂಗಳವಾರ. ಚಳ್ಳಕೆರೆ

ಒಪಿಡಿ ಮುಗಿದಾಗ ಮೂರೂವರೆ. ತಣ್ಣನೆ ಅನ್ನ ಉಣ್ಣುತ್ತಲೇ ಸ್ಲೈಡ್ ಮಾಡಿದೆ. ಮುಂದಿನ ವಾರ ಮೊಳಕಾಲ್ಮೂರಿನಲ್ಲಿ ಟ್ರೈನಿಂಗ್ — ಡಾಕ್ಟರು, ನರ್ಸು, ಫಾರ್ಮಸಿಸ್ಟುಗಳಿಗೆ. ಜೀನ್ ಪರೀಕ್ಷೆ ನೋಡಿ ಮಾತ್ರೆ ಬರೆಯುವುದು ಹೇಗೆ ಅಂತ. ಕಲಿಸುವವಳು ನಾನು. ಬೆಂಗಳೂರಿನಲ್ಲಿ ಮೂರು ದಿನ ಕಲಿತು ಬಂದ ಪಂಡಿತೆ!

ನಿಮ್ಮ ಕಡೆಯ ಒಂದು ಕೇಸ್ ಹಾಕಿ ಎಂದಿದ್ದಾರೆ. ಇದೆ. ದೇವಸಮುದ್ರದ ಸಣ್ಣತಿಮ್ಮಪ್ಪ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದರು. ರಕ್ತ ಹೆಪ್ಪುಗಟ್ಟದಿರಲಿ ಎಂದು ಕ್ಲೊಪಿಡೊಗ್ರೆಲ್ ಬರೆದೆ. ಎಂಟು ತಿಂಗಳಿಗೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟಿ ತೀರಿಹೋದರು. ಮೂರು ವರ್ಷವಾಯಿತು.

ಜೀನಿನ ದೆಸೆಯಿಂದ ಕೆಲವರ ಮೈ ಆ ಮಾತ್ರೆಯನ್ನು ಔಷಧಿಯಾಗಿ ಬದಲಾಯಿಸುವುದೇ ಇಲ್ಲ. ನುಂಗಿದರೂ ಒಂದೇ, ಬಿಟ್ಟರೂ ಒಂದೇ. ಆಗ ನನ್ನ ತಲೆಗೆ ಅದು ಹೊಳೆಯಲಿಲ್ಲ. ಅವರ ಹೆಂಡತಿ ಸೂರಮ್ಮನಿಗೆ ವಾರ್ಡಿನವರೆಲ್ಲರ ಎದುರು ಬೈದೆ — “ಮಾತ್ರೆ ತಪ್ಪಿಸಿ ಕೊಂದುಬಿಟ್ರಲ್ಲ!” ಆಕೆ ಬಟ್ಟೆ ಚೀಲ ಬಿಚ್ಚಿ ಮಾತ್ರೆಯ ಖಾಲಿ ಶೀಟುಗಳನ್ನು ಮೇಜಿನ ಮೇಲೆ ಸುರಿದರು. “ಒಂದೂ ತಪ್ಸಿಲ್ಲ ಮೇಡಮ್ಮೋರೆ, ನಾನೇ ಕೈಯಾರೆ ಕೊಟ್ಟೀನಿ.” ನೋಡಲಿಲ್ಲ. ಫೈಲಿನಲ್ಲಿ ಬರೆದೆ: ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ.

ಜೂನ್ 12, ಗುರುವಾರ

ಮೂವತ್ತೊಂದು ಜನ ಬಂದಿದ್ದರು. ಮೈಕ್ ಕೆಟ್ಟಿತ್ತು. ನನ್ನ ಗಂಟಲಿಗೆ ಮೈಕ್ ಯಾಕೆ ಬೇಕು!

ಫಾರ್ಮಸಿಸ್ಟ್ ದಾಸಣ್ಣ ಕೇಳಿದ: “ಆ ಯಜಮಾನ ಮಾತ್ರೆ ನುಂಗ್ತಿದ್ದ ಅಂತ ಏನ್ ಗ್ಯಾರಂಟಿ ಮೇಡಂ?”

“ಹೆಂಡತಿ ಖಾಲಿ ಶೀಟೆಲ್ಲ ಇಟ್ಟಿದ್ರು. ಒಬ್ಬ ಡಾಕ್ಟರ್ ನಂಬಲಿಲ್ಲ” ಎಂದೆ. ಒಬ್ಬ ಡಾಕ್ಟರ್! ಥೂ, ನನ್ನ ಜನ್ಮಕ್ಕಿಷ್ಟು. ಚಪ್ಪಾಳೆ ಬೇರೆ ಹೊಡೆದರು.

ಟೀ ಹೊತ್ತಿಗೆ ದೇವಸಮುದ್ರದ ನರ್ಸ್ ಆಶಾ ಹತ್ತಿರ ಬಂದಳು. “ಅದು ನಮ್ಮೂರ ಸಣ್ಣತಿಮ್ಮಪ್ಪಾರ ಕೇಸಲ್ವಾ ಮೇಡಂ? ಅವ್ರ ತಮ್ಮ ಹುಲಿಯಪ್ಪಂಗೂ ಹೋದ ತಿಂಗ್ಳು ಸ್ಟೆಂಟ್ ಹಾಕೈತೆ. ಅದೇ ಮಾತ್ರೆ ನುಂಗ್ತಾನೆ. ಗಂಡಂಗೆ ಮಾತ್ರೆ ತಪ್ಸಿದೋಳು ಅಂತ ಸೂರಮ್ಮಂಗೆ ಡಬ್ಬಿ ಮುಟ್ಟಾಕೂ ಬಿಡಲ್ಲ ಮನೆ ಹೆಂಗಸ್ರು.”

ಅಣ್ಣನ ಜೀನ್ ತಮ್ಮನಿಗೂ ಇರಬಹುದು. ಇವತ್ತು ಸ್ಲೈಡಿನಲ್ಲಿ ನಾನೇ ತೋರಿಸಿದ್ದು.

ಜೂನ್ 14, ಶನಿವಾರ

ಹುಲಿಯಪ್ಪನಿಗೆ ಹೇಳಿ ಕಳಿಸಿದೆ — ಬಾ, ರಕ್ತ ಕೊಡು, ಮಾತ್ರೆ ಬದಲಾಯಿಸಬೇಕು. ಆಶಾ ಫೋನಿನಲ್ಲಿ ಅವನ ಉತ್ತರ ಹೇಳಿದಳು: “ನಮ್ಮತ್ತಿಗೆ ಮೇಲೆ ಕೊಲೆ ಹೊರಿಸಿದೋಳ ಹತ್ರ ನಾನ್ ಬರಲ್ಲ.”

ನಾನೇ ಹೋಗಬೇಕು. ನಾಳೆ ಭಾನುವಾರ, ಹೋಗಬಹುದು...

ಜೂನ್ 22, ಭಾನುವಾರ

ಎಂಟು ದಿನ ಕೆಲಸದ ನೆಪ ಹೇಳಿಕೊಂಡೆ. ಅಷ್ಟೂ ದಿನ ಅವನು ಅದೇ ಮಾತ್ರೆ ನುಂಗಿದ. ಹೇಡಿ ನಾನು.

ಇವತ್ತು ಬಸ್ ಹತ್ತಿದೆ. ನಡುದಾರಿಯ ತಳಕಿನಲ್ಲಿ ಇಳಿದು ವಾಪಸ್ ಬರೋಣ ಅನ್ನಿಸಿತು. ಇಳಿಯಲಿಲ್ಲ.

ಸೂರಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಹುಲಿಯಪ್ಪ ಕಟ್ಟೆ ಮೇಲಿಂದ ಏಳಲಿಲ್ಲ. ನಿಂತೇ ಹೇಳಿದೆ: “ನೀವು ಮಾತ್ರೆ ತಪ್ಪಿಸಿಲ್ಲ ಸೂರಮ್ಮ. ತಪ್ಪು ನಂದು.”

ಆಕೆ ಒಳಗೆ ಹೋದರು. ಅದೇ ಚೀಲ ತಂದು ನನ್ನ ಕೈಗಿಟ್ಟರು.

“ಈಗಾರ ನೋಡ್ರಿ.”

ಅಲ್ಲೇ ಕೂತು ಒಂದೊಂದೇ ತೆಗೆದು ನೋಡಿದೆ. ಎಂಟು ತಿಂಗಳದ್ದು, ಒಂದು ಗುಂಡಿಯಲ್ಲೂ ಮಾತ್ರೆ ಉಳಿದಿರಲಿಲ್ಲ. ಅಳು ಬಂತು. ಸೂರಮ್ಮ ಅಳಲಿಲ್ಲ.

“ಲೇ ಹುಲಿಯಪ್ಪ, ತೋಳು ಚಾಚು” ಎಂದರು.

ರಕ್ತ ತೆಗೆದೆ. ದಾವಣಗೆರೆಯ ಹೃದಯದ ಡಾಕ್ಟರಿಗೆ ಫೋನ್ ಮಾಡಿ, ರಿಪೋರ್ಟಿಗೂ ಕಾಯದೆ ಮಾತ್ರೆ ಬದಲಾಯಿಸಿದೆ.

ಜುಲೈ 9, ಬುಧವಾರ

ರಿಪೋರ್ಟ್ ಬಂತು. ಹುಲಿಯಪ್ಪನ ಮೈಗೆ ಆ ಹಳೆ ಮಾತ್ರೆ ಹತ್ತುತ್ತಲೇ ಇರಲಿಲ್ಲ. ಸದ್ಯ, ಬದುಕಿದ. ಅಣ್ಣನಿಗೂ ಹಾಗೇ ಇತ್ತೆಂದು ಇನ್ನು ಯಾರೂ ಸಾಬೀತು ಮಾಡಲಾರರು. ನನಗೆ ಸಾಕ್ಷಿ ಬೇಕಾಗಿಲ್ಲ.

ಹಳೆ ಫೈಲ್ ತರಿಸಿ ಕೆಳಗೆ ಬರೆದೆ: ಒಂದೂ ತಪ್ಪದೆ ತೆಗೆದುಕೊಂಡಿದ್ದರು. ಸಹಿ ಹಾಕಿದೆ.

ಸಂಜೆ ಸೂರಮ್ಮನಿಗೆ ಫೋನ್ ಮಾಡಿ ರಿಪೋರ್ಟಿನದೂ ಫೈಲಿನದೂ ಹೇಳಿದೆ. ಡಬ್ಬಿ ಈಗ ಅವರ ಕೈಯಲ್ಲೇ ಐತಂತೆ. ದನಿ ಹಗುರಾಗಿತ್ತು. ಇಡುವ ಮುಂಚೆ ಕೇಳಿದರು:

“ನಮ್ಮೋರು ಇದ್ದಾಗ್ಲೂ ಈ ಪರೀಕ್ಷೆ ಇತ್ತೇನ್ರಿ ಮೇಡಮ್ಮೋರೆ?”

ಇತ್ತು. ಸುಳ್ಳು ಹೇಳಬಹುದಿತ್ತು. ಇತ್ತು ಎಂದೆ. “ಹಂಗಾರೆ ಅದ್ನೂ ಆ ಫೈಲ್ನಾಗೆ ಬರೀರಿ” ಎಂದು ಸೂರಮ್ಮ ಫೋನ್ ಇಟ್ಟರು.