ಹುಳುವಿಲ್ಲದ ತಟ್ಟೆಗಳು

ಶಿಡ್ಲಘಟ್ಟ
೯ ಅಕ್ಟೋಬರ್ ೨೦೨೫, ಗುರುವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಚಿಂತಾಮಣಿಯಲ್ಲಿ ಪ್ರಿಯಾಂಕಕ್ಕನ ಬಾಣಂತನ ಮಾಡುತ್ತಾ ನಿನ್ನ ಮಾತ್ರೆ ಮರೆತಿರುತ್ತೀಯ, ನನಗೆ ಗೊತ್ತು. ಕೂಸಿಗೆ ನನ್ನ ಮುತ್ತು. ನೀನು ಫೋನ್ ಮಾಡಿದಾಗಲೆಲ್ಲ ಅಪ್ಪ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಕಾಗದ.

ನಮ್ಮ ಬಾಹ್ಯಾಕಾಶ ಕೇಂದ್ರದ ನೌಕೆ ಮಂಗಳ ಗ್ರಹವನ್ನು ಸುತ್ತುತ್ತಿದೆಯಲ್ಲ, ಇಂಧನ ಉಳಿಸಲು ಪ್ರತಿ ಸುತ್ತಿನಲ್ಲೂ ಅದನ್ನು ಅಲ್ಲಿನ ತೆಳುಗಾಳಿಯಲ್ಲಿ ಸ್ವಲ್ಪ ಮುಳುಗಿಸಿ ತೆಗೆಯುತ್ತೇವೆ. ಗಾಳಿಯ ತಡೆಗೆ ವೇಗ ಇಳಿದು ಸುತ್ತು ಚಿಕ್ಕದಾಗುತ್ತದೆ. ಹೆಚ್ಚು ಮುಳುಗಿದರೆ ಸುಟ್ಟುಹೋಗುತ್ತದೆ. ಎಷ್ಟು ಆಳವೆಂದು ಲೆಕ್ಕ ಹಾಕುವವಳು ನಾನು. ಮುಳುಗಿದಾಗ ಅದರಿಂದ ಯಾವ ಸಂಕೇತವೂ ಬರುವುದಿಲ್ಲ. ಇದನ್ನು ಕೇಳಿ ಅಪ್ಪ, "ಜ್ವರಕ್ಕೆ ಕೂತದೆ ಕಣಮ್ಮ. ಪೊರೆ ಬಿಡೋಕೆ ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟಲ್ಲ, ತಲೆ ಎತ್ಕೊಂಡು ಸುಮ್ನಿರ್ತದೆ. ಕದಲಿಸ್ಬಾರ್ದು" ಎಂದರು. ಮೂವತ್ತು ವರ್ಷ ರೇಷ್ಮೆ ಸಾಕಿದವರಿಗೆ ಎಲ್ಲವೂ ಹುಳವೇ ಎಂದು ನಕ್ಕುಬಿಟ್ಟೆ.

ಆಮೇಲೆ ನಗಲಾಗಲಿಲ್ಲ. ಹೋದ ವರ್ಷ ಹುಳವೆಲ್ಲ ರೋಗಕ್ಕೆ ಸತ್ತು, ಆ ರೋಗ ಹೋಗಲೆಂದು ಅಪ್ಪ ಬ್ಲೀಚಿಂಗ್ ಪೌಡರ್ ಹಾಕಿ ಹುಳು ಸಾಕುವ ತಟ್ಟೆ ತೊಳೆದಿಟ್ಟ ಮೇಲೆ ಹುಳುಮನೆ ಖಾಲಿ. ಈಗ ದಿನಾ ಅಲ್ಲಿ ಹೋಗಿ ಬರಿದಾದ ತಟ್ಟೆಗೆ ಕಿವಿ ಕೊಟ್ಟು ಕೂರುತ್ತಾರೆ. ಇದ್ದಕ್ಕಿದ್ದಂತೆ "ಎದ್ದವು" ಎನ್ನುತ್ತಾರೆ. ಜ್ವರದಿಂದ ಎದ್ದ ಹುಳ ಸೊಪ್ಪು ಮೇಯುವ ಸದ್ದು ಕೇಳಿತಂತೆ. ನಾನು ಸಮಯ ಗುರುತಿಟ್ಟೆ. ನೌಕೆ ಗಾಳಿಯಿಂದ ಹೊರಬಂದ ನಿಮಿಷವೇ ಅದು! ಆ ಸಂಕೇತ ಭೂಮಿಗೆ ಬರಲು ಇಪ್ಪತ್ತು ನಿಮಿಷ ಬೇಕು. ನಮಗಿಂತ ಮೊದಲೇ ಅಪ್ಪನಿಗೆ ಗೊತ್ತಾಗುತ್ತಿದೆ. ಹನ್ನೊಂದು ಸಲ ನೋಡಿದೆ, ಒಮ್ಮೆಯೂ ತಪ್ಪಿಲ್ಲ. ಅಮ್ಮಾ, ನನಗೆ ಭಯವಾಗುತ್ತಿದೆ.

ನಿನ್ನೆ ಅಲ್ಲಿ ಧೂಳೆದ್ದು ಗಾಳಿ ದಪ್ಪವಾಗಿದೆ ಎಂದು ಗೊತ್ತಾಯಿತು. ನೌಕೆಯನ್ನು ತುಸು ಮೇಲೆತ್ತೋಣವೆಂದು ನನ್ನ ಜೊತೆ ಕೆಲಸ ಮಾಡುವ ಮುನೇಶ್ ಹಟ ಹಿಡಿದ. ಅಪ್ಪ ಮಾತ್ರ "ಮುಟ್ಬೇಡಮ್ಮ" ಎಂದಿದ್ದರು. ಇಷ್ಟು ಸಲ ಅವರದೇ ನಿಜವಾಗಿತ್ತಲ್ಲ. ಎತ್ತುವುದು ಬೇಡವೆಂದು ಸಹಿ ಹಾಕಿಬಿಟ್ಟೆ. ಏಳು ವರ್ಷದ ಕೆಲಸ, ನನಗೆ ಯಾವ ಬುದ್ಧಿ ಬಂತೋ.

ಇವತ್ತು ನನಗೆ ರಜೆ. ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ನೌಕೆ ಹೊರಬರಬೇಕು. ಸಂಕೇತ ಸಿಕ್ಕಿದ ಕೂಡಲೇ, ಹನ್ನೊಂದೂವರೆಗೆ, ಮುನೇಶ್ ಫೋನ್ ಮಾಡುತ್ತಾನೆ. ಅಪ್ಪ ಆಗಲೇ ಹುಳುಮನೆಯಲ್ಲಿದ್ದಾರೆ, ನಾನು ಹೊಸ್ತಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಭಾವನಿಗೆ ನಮಸ್ಕಾರ ತಿಳಿಸು. ಕೂಸಿಗೆ ನೀರು ಹಾಕುವಾಗ ಬಗ್ಗಬೇಡ, ಮಣೆ ಹಾಕಿಕೋ.

ನಿನ್ನ ಮಗಳು,
ಬಿಂದುಶ್ರೀ

ತಾ.ಕ.: ಹನ್ನೊಂದೂ ಇಪ್ಪತ್ತಾಯಿತು. ಅಪ್ಪ ತಟ್ಟೆಯಿಂದ ಕಿವಿ ತೆಗೆದರು. ಇವತ್ತು "ಎದ್ದವು" ಎನ್ನಲಿಲ್ಲ. ಫೋನಿಗೆ ಇನ್ನೂ ಹತ್ತು ನಿಮಿಷವಿದೆ. ಅವರು ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸುತ್ತಿದ್ದಾರೆ.