ಏರು ಸೇರಿಸದ ದೂರ

ಜನವರಿ 4, ಶನಿವಾರ. ಬೆಳಿಗ್ಗೆ 9. ವಿಶಾಖಪಟ್ಟಣ

ಮತ್ತೆ ಅದೇ. ಆರಕ್ಕೆ ಗಾಲ್ಫ್ ಕೋರ್ಸ್, ಎಂಟೂವರೆಗೆ ಇಡ್ಲಿ, ಒಂಬತ್ತೂವರೆಗೆ ಬ್ಯಾಂಕ್. ಶೂಗೆ ಅಂಟಿದ ಹುಲ್ಲನ್ನು ಆಫೀಸಿನ ಟಾಯ್ಲೆಟ್ಟಿನಲ್ಲಿ ಒರೆಸಿಕೊಳ್ಳುತ್ತೇನೆ. ಗಾಲ್ಫ್ ನನ್ನ ಆಟವಲ್ಲ. ನಮ್ಮ ಜನರಲ್ ಮ್ಯಾನೇಜರ್ ನರಹರಿಯವರ ಆಟ. ಆದ್ದರಿಂದ ಆಡುತ್ತೇನೆ.

ಇವತ್ತು ಅವರು ಮೂರು ಚೆಂಡು ಕಳೆದುಕೊಂಡರು. ತಪ್ಪು ಅವರದಲ್ಲ, ದೂರದ್ದು.

"ನೂರಾ ಐವತ್ತು ಯಾರ್ಡ್ ಅಂದ್ರಲ್ರೀ ಅಶ್ವತ್ಥ. ಇದು ನೂರಾ ಐವತ್ತೇನು? ನಿಮ್ಮ ಮೈಸೂರಾಗ ಯಾರ್ಡು ಸಣ್ಣದಿರತದೇನು?"

ನೂರಾ ಐವತ್ತೇ. ಅವರ ಹೊಡೆತ ಹೋಗುವುದು ನೂರಾ ಮೂವತ್ತು. ಹೇಳಲಿಲ್ಲ. ಅದನ್ನು ಕೇಳಿರಲಿಲ್ಲ.

ಬಂದರಿನಿಂದ ನಿವೃತ್ತರಾದ ಚಂದ್ರಮೌಳಿ ಹೊಸ ಲೇಸರ್ ತಂದಿದ್ದಾರೆ. ದುರ್ಬೀನಿನಂತೆ ಒಂದು ಕಣ್ಣಿಗಿಟ್ಟು, ಕುಳಿಯ ಬಾವುಟಕ್ಕೆ ಗುರಿ ಹಿಡಿದು, ಗುಂಡಿ ಒತ್ತುವುದು. ಎಷ್ಟು ಯಾರ್ಡ್ ಎಂದು ಒಳಗೇ ಅಂಕಿ ಮೂಡುತ್ತದೆ. ಎರಡು ವರ್ಷದಿಂದ ಕ್ಲಬ್ಬಿನ ಕಪ್ ಗೆಲ್ಲುತ್ತಿರುವವರು ಅವರೇ. ನರಹರಿ ಅದನ್ನು ಕೈಗೆ ತೆಗೆದುಕೊಂಡು ಸಮುದ್ರದ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ನನಗೂ ಒಂದು ಬೇಕು. ಛಲೋದು ಆರಿಸಿ ತರಸ್ರಿ. ಏಪ್ರಿಲ್‌ದಾಗ ರಿಟೈರ್ ಆಗಾಂವ ನಾ. ಈ ಫೆಬ್ರವರಿ ಕಪ್ಪು ಬಿಟ್ರ ಮತ್ತಿಲ್ಲ."

ಕಾರು ಹತ್ತುವಾಗ, ಗಾಜು ಇಳಿಸಿ: "ನಿಮ್ಮ ವಿಜಯವಾಡದ್ದು ನೆನಪದ. ಲಿಸ್ಟ್ ಮಾಡುಮುಂದ ನೋಡೋಣ."

ಮೂರು ವರ್ಷದಿಂದ ನೋಡುತ್ತಿದ್ದಾರೆ. ಹೆಂಡತಿ ಅಲ್ಲಿ, ಮಗಳು ಅಲ್ಲಿ, ನಾನು ಇಲ್ಲಿ ಬ್ಯಾಂಕಿನ ಕ್ವಾರ್ಟರ್ಸಿನಲ್ಲಿ ಒಂದು ತಟ್ಟೆ, ಒಂದು ಲೋಟ. ನನ್ನ ವರ್ಗಾವಣೆಯ ಅರ್ಜಿ ಅವರ ಮೇಜಿನ ಎಡಗಡೆಯ ಟ್ರೇಯಲ್ಲಿದೆ. ಅದರ ಮೇಲೆ ಗಾಲ್ಫ್ ಚೆಂಡಿನ ಆಕಾರದ ಪೇಪರ್‌ವೇಟ್.

ಜನವರಿ 7, ಮಂಗಳವಾರ

ಮೂರು ಮಾಡೆಲ್. ಇಡೀ ಸಂಜೆ ಹೋಯಿತು.

ಮೊದಲನೆಯದು ಬಲು ನಿಖರ, ಆದರೆ ಬಾವುಟದ ಹಿಂದಿನ ಮರವನ್ನೂ ಹಿಡಿದು ಬಿಡುತ್ತದಂತೆ. ಕೈ ನಡುಗುವವರಿಗಲ್ಲ. ಅವರ ಕೈ ನಡುಗುತ್ತದೆ. ಎರಡನೆಯದು ಬಾವುಟ ಸಿಕ್ಕ ಕೂಡಲೇ ಜುಂ ಎನ್ನುತ್ತದೆ, ಆದರೆ ಅಂಕಿ ಕಪ್ಪು, ಸಣ್ಣದು. ಮೂರನೆಯದೂ ಜುಂ ಎನ್ನುತ್ತದೆ. ಅಂಕಿ ಕೆಂಪು, ದೊಡ್ಡದು. ಅವರು ಆಟಕ್ಕೆ ಕನ್ನಡಕ ಹಾಕುವುದಿಲ್ಲ.

ಮೂರನೆಯದಕ್ಕೆ ಸ್ಲೋಪ್ ಎಂಬ ಸ್ವಿಚ್ಚೂ ಇದೆ. ಆನ್ ಇದ್ದರೆ ಏರು-ಇಳಿತವನ್ನು ತಾನೇ ಲೆಕ್ಕ ಹಾಕುತ್ತದೆ. ಏರಿನ ಮೇಲಿರುವ ಬಾವುಟ ನೂರಾ ನಲವತ್ತೆಂಟು ಯಾರ್ಡ್ ದೂರದಲ್ಲಿದ್ದರೂ, ಚೆಂಡು ಹತ್ತಬೇಕಲ್ಲ, ನೂರಾ ಅರವತ್ತಕ್ಕೆ ಹೊಡಿ ಎನ್ನುತ್ತದೆ. ಆ ನೂರಾ ಅರವತ್ತು ದೊಡ್ಡ ಅಂಕಿಯಲ್ಲಿ. ನಿಜವಾದ ದೂರ ಅದರ ಕೆಳಗೆ, ಇರುವೆ ಸಾಲಿನಷ್ಟು.

ಮೂರನೆಯದನ್ನೇ ಆರ್ಡರ್ ಮಾಡಿದೆ. ಆ ಹೊತ್ತಿಗೆ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದನ್ನು ಬರೆದಿಡುತ್ತೇನೆ — ಏನೂ ಇರಲಿಲ್ಲ.

ಜನವರಿ 14, ಸಂಕ್ರಾಂತಿ. ವಿಜಯವಾಡ

ಪಾರ್ಸೆಲ್ ಇಲ್ಲಿಗೇ ತರಿಸಿದ್ದೆ, ಪರೀಕ್ಷಿಸಿ ಕೊಡೋಣ ಎಂದು. ಮಹಡಿಯಿಂದ ಇಂದ್ರಕೀಲಾದ್ರಿ ಬೆಟ್ಟಕ್ಕೆ ಲೇಸರ್ ಹಿಡಿದೆ. ಗುಡಿಯ ಗೋಪುರ ಆರುನೂರ ನಲವತ್ತು. ಕೆಳಗಿನ ರಸ್ತೆಯ ಕಂಬ ತೊಂಬತ್ತೊಂದು. ಎದುರು ಮನೆಯ ನೀರಿನ ಟ್ಯಾಂಕ್ ಮೂವತ್ತೆರಡು. ಅಂಕಿ ಮೂಡುವಾಗ ಒಂದು ಸಮಾಧಾನ. ಅಂಕಿಗೆ ದನಿ ಇಲ್ಲ.

ವಿಜಯಲಕ್ಷ್ಮೀ ಎಳ್ಳು-ಬೆಲ್ಲದ ತಟ್ಟೆ ಹಿಡಿದು ಮೇಲೆ ಬಂದಳು.

"ತಿಂಗಳಿಗೊಂದು ಸಲ ಬರ್ತೀರಿ. ಬಂದು ಬೆಟ್ಟ ಅಳೀತೀರಿ."

"ಸಾಹೇಬರದು. ನೋಡ್ತಿದ್ದೆ."

"ಸಾಹೇಬರ ಕಣ್ಣು, ಸಾಹೇಬರ ಕೋಲು, ಸಾಹೇಬರ ಚೆಂಡು. ನಿಮ್ಮದು ಅಂತ ಅಲ್ಲಿ ಏನಾದ್ರೂ ಇದೆಯೇನ್ರೀ?" ತಟ್ಟೆಯನ್ನು ಗೋಡೆಯ ಮೇಲಿಟ್ಟಳು. "ಈ ಸಲ ಲಿಸ್ಟಲ್ಲಿ ಹೆಸರು ಬರದಿದ್ರೆ ನಾನು ಇನ್ನೊಂದು ಸಲ ಕೇಳಲ್ಲ. ನೀವು ಅಲ್ಲೇ ಇರಿ. ಶ್ರಾವ್ಯಾಳ ಪರೀಕ್ಷೆ, ಕಾಲೇಜು, ಎಲ್ಲಾ ನಾನೇ ನೋಡ್ಕೋತೀನಿ. ಈಗಲೂ ಅದೇ ಅಲ್ವಾ ಆಗ್ತಿರೋದು?"

ಹೌದು. ಒಂದು ಚಿಟಿಕೆ ಎಳ್ಳು-ಬೆಲ್ಲ ಬಾಯಿಗೆ ಹಾಕಿಕೊಂಡೆ.

ಹನ್ನೆರಡನೇ ತರಗತಿಯ ಮಗಳು ಶ್ರಾವ್ಯಾ ಊಟದಲ್ಲಿ ನನ್ನೊಂದಿಗೆ ಎರಡು ಮಾತಾಡಿದಳು. ಎರಡೂ ತೆಲುಗಿನಲ್ಲಿ. ಕನ್ನಡದಲ್ಲಿ ಅಮ್ಮನ ಜೊತೆ ಜಗಳವಾಡುತ್ತಾಳೆ. ಅಷ್ಟರ ಮಟ್ಟಿಗೆ ಅವಳಿಗೆ ಅಮ್ಮ ಹತ್ತಿರ.

ಜನವರಿ 25, ಶನಿವಾರ. ವಿಶಾಖಪಟ್ಟಣ

ನರಹರಿ ಮಗುವಾಗಿಬಿಟ್ಟಿದ್ದಾರೆ. ಬಾವುಟ, ಮರ, ಬೆಂಚು, ನಾಯಿ, ಎಲ್ಲಕ್ಕೂ ಗುಂಡಿ ಒತ್ತುತ್ತಾರೆ. ನಾಯಿ ಎಂಬತ್ತೇಳು.

ಸ್ಲೋಪ್ ಆನ್ ಮಾಡಿಟ್ಟಿದ್ದೇನೆ. ಕೈಪಿಡಿ ಕೊಟ್ಟೆ, ಹಿಂದಕ್ಕೆ ಕೊಟ್ಟರು. "ನೀವು ಓದೀರಲ್ಲ, ಸಾಕು." ಅವರ ಫೋನೂ ಹಾಗೇ, ಅವರ ಪಾಸ್‌ವರ್ಡೂ ಹಾಗೇ. ಮೂವತ್ತಾರು ವರ್ಷ ಯಾರೋ ಸೆಟ್ ಮಾಡಿಕೊಟ್ಟದ್ದನ್ನು ಒತ್ತುತ್ತಾ ಬಂದವರು. ಅಂಕಿ ನೆನಪಿಟ್ಟುಕೊಳ್ಳುವ ಅಭ್ಯಾಸವಿಲ್ಲ; ಅದಕ್ಕೆ ಜನ ಇದ್ದಾರೆ.

ಈ ಕೋರ್ಸ್ ಗುಡ್ಡದ ಮಗ್ಗುಲಲ್ಲಿದೆ. ಐದು ಗ್ರೀನ್, ಅಂದರೆ ಬಾವುಟ ನೆಟ್ಟ ಹುಲ್ಲುಹಾಸು, ಏರಿನ ಮೇಲೆ; ಮೂರು ತಗ್ಗಿನಲ್ಲಿ. ಮೊದಲು ಏರಿನಲ್ಲಿ ಪ್ರತಿ ಸಲ ಚೆಂಡು ಕೆಳಗೆ ಉರುಳಿ ಬರುತ್ತಿತ್ತು. ಇವತ್ತು ಐದರಲ್ಲಿ ನಾಲ್ಕು ಸಲ ಮೇಲೆ ಕೂತಿತು. ನನ್ನ ಬೆನ್ನಿಗೆ ಒಂದು ಏಟು ಕೊಟ್ಟರು, ಪ್ರೀತಿಯದು.

"ನೋಡ್ರೆಪಾ, ನನ್ನ ಆಟದಾಗ ಏನೂ ಕಮ್ಮಿ ಇರಲಿಲ್ಲ. ನಿಮ್ಮ ಅಂದಾಜದಾಗ ಇತ್ತು."

ಬೆನ್ನು ಸಂಜೆಯ ತನಕ ಉರಿಯಿತು. ಏಟಿಗಲ್ಲ.

ಫೆಬ್ರವರಿ 7, ಶುಕ್ರವಾರ

ನರಹರಿ ಚೇಂಬರಿನಲ್ಲಿ ಎಲ್ಲರೆದುರು: "ಅಶ್ವತ್ಥ ಅವರಿಗೆ ವಿಜಯವಾಡ ಬೇಕಂತ. ಹೆಂಡತಿ ನೆನಪಾಗ್ತಾಳಂತ ಈ ವಯಸ್ಸಿನಾಗ." ನಗು. ಹೊಸದಾಗಿ ಬಂದಿರುವ ಆಫೀಸರ್ ಅಭಿಷೇಕ್ ಕೂಡ ನಕ್ಕ, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದ.

ನಾನು ಹಾಗೆ ಹೇಳಿರಲಿಲ್ಲ. ಅರ್ಜಿಯಲ್ಲಿ "ಕೌಟುಂಬಿಕ ಕಾರಣ" ಎಂದಷ್ಟೇ ಇದೆ.

ಫೆಬ್ರವರಿ 22, ಶನಿವಾರ. ಸಂಜೆ 6

ನಾಳೆ ಟೂರ್ನಮೆಂಟ್. ಮಧ್ಯಾಹ್ನ ನರಹರಿ ತಮ್ಮ ಮನೆಗೆ ಕರೆಸಿದರು. ಅವರ ಹೆಂಡತಿ ಲೀಲಾವತಿಯವರು ಕಾಫಿ ಕೊಟ್ಟರು. "ಕಪ್ ಇಡಲಿಕ್ಕೆ ಜಾಗಾ ಮಾಡೇನ್ರಿ," ಎಂದು ಶೋಕೇಸಿನ ನಡುವಿನ ಖಾಲಿ ಹಲಗೆ ತೋರಿಸಿದರು.

ನರಹರಿ ಯಂತ್ರವನ್ನು ನನ್ನ ಕೈಗಿಟ್ಟರು.

"ನಾಳೆ ಆ ಸ್ಲೋಪೋ ಏನೋ ಬಂದ್ ಇರಬೇಕಂತ. ಸರ್ಕ್ಯುಲರ್ ಕಳಿಸ್ಯಾರ. ಆನ್ ಇದ್ರ ಪೆನಾಲ್ಟಿ ಅಂತ. ಆಫ್ ಮಾಡಿ ಕೊಡ್ರಿ."

ಉಗುರಿನಿಂದ ಸರಿಸಿದೆ. ಟಕ್ ಎಂದಿತು. ಇಷ್ಟೇ.

ನಾಳೆ ಇದು ನಿಜವಾದ ದೂರ ಮಾತ್ರ ಹೇಳುತ್ತದೆ. ಏರನ್ನು ಸೇರಿಸುವುದಿಲ್ಲ. ಏರಿನಲ್ಲಿ ಅವರೇ ಹತ್ತು-ಹನ್ನೆರಡು ಯಾರ್ಡ್ ಸೇರಿಸಿಕೊಳ್ಳಬೇಕು, ತಗ್ಗಿನಲ್ಲಿ ಕಳೆಯಬೇಕು. ಒಂದು ವಾಕ್ಯದ ವಿಷಯ. ಬಾಯಿಯವರೆಗೆ ಬಂದಿತ್ತು. ಕಾಫಿ ಕುಡಿದೆ.

ಆಫ್ ಮಾಡಿ ಎಂದರು, ಮಾಡಿದೆ. ನಿಯಮದ ಪ್ರಕಾರ. ಇದರಲ್ಲಿ ಯಾರೂ ನನ್ನ ಮೇಲೆ ಬೆರಳು ತೋರಿಸುವಂತಿಲ್ಲ — ಹೀಗೆ ಯೋಚಿಸಿದ್ದೇ ನನ್ನ ತಪ್ಪಿಗೆ ಸಾಕ್ಷಿ.

ಫೆಬ್ರವರಿ 23, ಭಾನುವಾರ. ಮಧ್ಯಾಹ್ನ 2

ನರಹರಿ, ಚಂದ್ರಮೌಳಿ, ನಾನು. ಒಂದೇ ಗುಂಪು.

ನಾಲ್ಕನೇ ಗ್ರೀನ್, ಏರು. ಅವರ ಚೆಂಡು ಅಂಚಿಗೆ ತಾಗಿ ಕೆಳಗುರುಳಿತು. "ಗಾಳಿ," ಎಂದರು. ಗಾಳಿ ಇರಲಿಲ್ಲ. ಏಳನೆಯದು — ಮತ್ತೆ ಕೆಳಗೆ. "ಈ ಕೋಲಿಗೆ ವಯಸ್ಸಾತು." ಒಂಬತ್ತನೆಯದು ತಗ್ಗಿನಲ್ಲಿ, ಚೆಂಡು ಗ್ರೀನ್ ದಾಟಿ ಪೊದೆಯೊಳಗೆ ಹೋಯಿತು. ಹನ್ನೊಂದನೆಯದು ಮತ್ತೆ ಏರು, ಮತ್ತೆ ಕೆಳಗೆ. ಅವರ ಕುತ್ತಿಗೆಯ ಹಿಂಭಾಗ ಕೆಂಪಾಗಿತ್ತು.

ನಾನು ಹಿಂದೆ ನಡೆಯುತ್ತಿದ್ದೆ. ಆಟಗಾರರು ಒಬ್ಬರಿಗೊಬ್ಬರು ಸಲಹೆ ಕೊಡುವಂತಿಲ್ಲ, ಅದೂ ನಿಯಮ. ನಿಯಮಗಳು ಎಷ್ಟು ಅನುಕೂಲ. ಒಂದೊಂದು ಏರಿಗೂ ನನ್ನೊಳಗೆ ಏನೋ ಸಣ್ಣಗೆ ಜುಂ ಎನ್ನುತ್ತಿತ್ತು.

ಹದಿನಾಲ್ಕನೆಯದು. ಎಲ್ಲಕ್ಕಿಂತ ಕಡಿದು. ಕೆಳಗೆ ನೀರಿನ ಹಳ್ಳ. ಯಂತ್ರ ಕಣ್ಣಿಗಿಟ್ಟರು, ತೆಗೆದರು, ಅಂಗಿಗೆ ಒರೆಸಿ ಮತ್ತೆ ಇಟ್ಟರು. ನನ್ನ ಕಡೆ ತಿರುಗಿದರು.

"ಅಶ್ವತ್ಥ, ಇದು ಬರೋಬ್ಬರಿ ತೋರಸ್ತದೇನ್ರೀ?"

"ತೋರಿಸ್ತಿದೆ ಸಾರ್."

"ಮಷೀನ್ ಅಬದ್ಧಂ ಚೆಪ್ಪದು ಸಾರ್," ಎಂದು ಚಂದ್ರಮೌಳಿ ತೆಲುಗಿನಲ್ಲಿ ನಕ್ಕರು. ಯಂತ್ರ ಸುಳ್ಳು ಹೇಳುವುದಿಲ್ಲ. ಸರಿಯಾದ ಮಾತು.

ಚೆಂಡು ಹನ್ನೆರಡು ಯಾರ್ಡ್ ಕಡಿಮೆ ಬಿತ್ತು. ಉರುಳಿತು. ನೀರಿನ ಸದ್ದು ನಾವು ನಿಂತಲ್ಲಿಗೂ ಕೇಳಿಸಿತು. ಎರಡನೆಯದನ್ನೂ ಅಲ್ಲಿಗೇ ಕಳಿಸಿದರು.

ಕಪ್ ಚಂದ್ರಮೌಳಿಯವರಿಗೆ. ಲೀಲಾವತಿಯವರು ಫೋಟೋ ತೆಗೆಯಲೆಂದು ಎತ್ತಿದ ಫೋನನ್ನು ಬ್ಯಾಗಿಗೆ ಹಾಕಿಕೊಂಡರು. ಊಟದ ಮೇಜಿನಲ್ಲಿ ಅಭಿಷೇಕ್ ನರಹರಿಯವರ ಪಕ್ಕ ಕೂತಿದ್ದ. ಅವನ ಅಣ್ಣನ ಹತ್ತಿರವೂ ಅದೇ ಮಾಡೆಲ್ ಇದೆಯಂತೆ. ಯಂತ್ರವನ್ನು ತಿರುಗಿಸಿ ತಿರುಗಿಸಿ ಏನೋ ವಿವರಿಸುತ್ತಿದ್ದ. ನರಹರಿ ತಿನ್ನುವುದನ್ನು ನಿಲ್ಲಿಸಿದರು. ತಲೆ ಎತ್ತಿ ನನ್ನನ್ನು ಹುಡುಕಿದರು.

ಮೊಸರನ್ನ ಚೆನ್ನಾಗಿತ್ತು.

ಫೆಬ್ರವರಿ 24, ಸೋಮವಾರ

ಹನ್ನೊಂದಕ್ಕೆ ಕರೆ. ಬಾಗಿಲು ಹಾಕಲು ಹೇಳಿದರು. ಮೇಜಿನ ಮೇಲೆ ಒಂದೇ ಹಾಳೆ, ನನ್ನ ಕಡೆ ತಿರುಗಿಸಿಟ್ಟಿದ್ದರು.

"ಇದು ಶುಕ್ರವಾರ ಮಾಡಿದ್ದು. ಓದ್ರಿ."

ವರ್ಗಾವಣೆಯ ಲಿಸ್ಟ್, ಏಪ್ರಿಲ್ ಒಂದರಿಂದ. ಆರನೇ ಹೆಸರು ನನ್ನದು. ವಿಜಯವಾಡ. ಕೆಳಗೆ ಸಹಿ ಇನ್ನೂ ಇರಲಿಲ್ಲ. ಶುಕ್ರವಾರ ಎಂದರೆ ಟೂರ್ನಮೆಂಟಿಗೆ ಎರಡು ದಿನ ಮೊದಲು. ನಾನು ಅವರ ಮನೆಯಲ್ಲಿ ಕಾಫಿ ಕುಡಿಯುವಾಗ ನನ್ನ ಹೆಸರು ಇಲ್ಲಿತ್ತು.

"ಒಂದ ಮಾತು ಕೇಳ್ತೀನಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. "ಆ ಸ್ವಿಚ್ ಬಂದ್ ಮಾಡಿದ್ರ ನಂಬರ್ ಬ್ಯಾರೆ ಬರತದ ಅಂತ ನಿಮಗ ಗೊತ್ತಿತ್ತೋ, ಇಲ್ಲೋ? ಗೊತ್ತಿದ್ದಿಲ್ಲ ಅಂದ್ರ ಮುಗೀತು. ಆ ಪುಸ್ತಕ ನಾನೂ ಓದಿಲ್ಲ, ನೀವೂ ಪೂರಾ ಓದಿರಲಿಕ್ಕಿಲ್ಲ."

ತಪ್ಪಿಸಿಕೊಳ್ಳಲು ಬಾಗಿಲು ತೆರೆದು ಹಿಡಿದಿದ್ದರು. ದಾಟಬೇಕಿತ್ತು, ಅಷ್ಟೇ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಸುಳ್ಳು ಹೇಳಿದವನಲ್ಲ. ಹೇಳದೇ ಬಿಟ್ಟಿದ್ದೇನೆ, ಅದು ಬೇರೆ.

"ಗೊತ್ತಿತ್ತು ಸಾರ್."

ಹೇಳುವಾಗ ಒಂದು ರುಚಿ ಇತ್ತು. ಅದನ್ನೂ ಬರೆದಿಡಬೇಕು. ನಿನ್ನೆಯ ಐದು ಏರುಗಳಿಗಿಂತ ಹೆಚ್ಚು ರುಚಿ.

"ಹದಿನಾಲ್ಕನೇದಕ್ಕ ನಿಮ್ಮನ್ನ ಕೇಳಿದ್ನೆಲ್ಲ."

"ಮಷೀನ್ ಸರಿಯಾಗಿ ತೋರಿಸ್ತಿದೆಯಾ ಅಂತ ಕೇಳಿದ್ರಿ. ತೋರಿಸ್ತಿತ್ತು."

ಕುರ್ಚಿಗೆ ಒರಗಿದರು. ಆಮೇಲೆ ನಕ್ಕರು, ನಿಜವಾಗಿಯೂ.

"ಅಬ್ಬಬ್ಬಾ. ಮೂವತ್ತಾರು ವರ್ಷದಾಗ ಭಾಳ ಮಂದಿ ನನಗ ಮೋಸ ಮಾಡ್ಯಾರ. ಇಷ್ಟು ಪ್ರಾಮಾಣಿಕವಾಗಿ ಯಾರೂ ಮಾಡಿದ್ದಿಲ್ಲ."

ಪೆನ್ನು ತೆಗೆದು ಆರನೇ ಸಾಲಿನ ಮೇಲೆ ನಿಧಾನವಾಗಿ ಗೆರೆ ಎಳೆದರು. ಸ್ಕೇಲ್ ಇಟ್ಟು ಎಳೆದಷ್ಟು ನೇರ. ಕೈ ನಡುಗಲಿಲ್ಲ.

ಫೆಬ್ರವರಿ 28, ಶುಕ್ರವಾರ

ಲಿಸ್ಟ್ ಬಂತು. ವಿಜಯವಾಡಕ್ಕೆ ಅಭಿಷೇಕ್. ಕ್ಷಮಿಸಿ ಎನ್ನುವ ಮುಖ ಮಾಡಿಕೊಂಡು ಬಂದ. ಅಲ್ಲಿ ಬಾಡಿಗೆ ಮನೆ ಯಾವ ಕಡೆ ಒಳ್ಳೆಯದು ಎಂದು ಕೇಳಿದ. ಹೇಳಿದೆ. ನೀರು ಚೆನ್ನಾಗಿ ಬರುವ ಎರಡು ಬೀದಿಗಳ ಹೆಸರನ್ನೂ ಹೇಳಿದೆ.

ವಿಜಯಲಕ್ಷ್ಮೀಯ ಆರು ಮಿಸ್ಡ್ ಕಾಲ್. ನಾಳೆ ಬರುತ್ತೇನೆ ಎಂದು ಮೆಸೇಜ್ ಹಾಕಿದೆ. "ಬಂತಾ?" ಎಂದು ಬಂತು. ಫೋನನ್ನು ಮಗುಚಿಟ್ಟೆ.

ಮಾರ್ಚ್ 1, ಶನಿವಾರ. ರಾತ್ರಿ 8. ವಿಜಯವಾಡ

ವಿಜಯಲಕ್ಷ್ಮೀ ಬೀರುವಿನಲ್ಲಿ ಎರಡು ಖಾನೆ ಖಾಲಿ ಮಾಡಿಟ್ಟಿದ್ದಳು. ಹೊಸ ಪೇಪರ್ ಹಾಸಿ. ನನ್ನ ಬಟ್ಟೆಗೆ.

ಎಲ್ಲ ಹೇಳಿದೆ. ಸ್ವಿಚ್, ಏರು, ನೀರು, ಲಿಸ್ಟ್, ಗೆರೆ. ಇಷ್ಟು ಉದ್ದ ಮಾತಾಡಿ ಎಷ್ಟು ವರ್ಷವಾಗಿತ್ತೋ. ಶ್ರಾವ್ಯಾ ಪುಸ್ತಕ ಮುಚ್ಚಿ ಕೇಳುತ್ತಿದ್ದಳು. ಮುಗಿದ ಮೇಲೆ ತೆಲುಗಿನಲ್ಲಿ, ಬಹಳ ಮೆಲ್ಲಗೆ: "ತೆಲೀದು ಅನಿ ಚೆಪ್ಪೊಚ್ಚು ಕದಾ, ನಾನ್ನಾ?" ಗೊತ್ತಿಲ್ಲ ಅಂತ ಹೇಳಬಹುದಿತ್ತಲ್ಲ ಅಪ್ಪ. ಎದ್ದು ಒಳಗೆ ಹೋದಳು.

"ಸುಳ್ಳು ಹೇಳೋಕೆ ನನಗೆ..." ಎಂದು ಶುರು ಮಾಡಿದೆ.

"ಬಾಯ್ಮುಚ್ಚಿ. ಒಬ್ಬ ಮುದುಕನ್ನ ಬಿಸಿಲಲ್ಲಿ ಗುಡ್ಡ ಹತ್ತಿಸಿ ನೀರಿಗೆ ತಳ್ಳಿದೋರು ನೀವು. ನಿಮ್ಮ ಸತ್ಯ ನನ್ನ ಮುಂದೆ ಇಡಬೇಡಿ." ಬೀರುವಿನ ಬಾಗಿಲು ಮುಚ್ಚಿದಳು. "ಆತ ಕೆಟ್ಟೋನು ಅಂತಲೇ ಇಟ್ಕೊಳ್ಳೋಣ. ಕೆಟ್ಟೋನು ನಿಮ್ಮನ್ನ ಮನೆಗೆ ಕಳಿಸ್ತಿದ್ದ. 'ಇಲ್ಲ' ಅನ್ನೋ ಒಂದು ಮಾತಿಗೆ. ಅಷ್ಟೂ ಆಗಲಿಲ್ಲ ಅಂದ್ರೆ..."

ನನ್ನ ಕಡೆ ತಿರುಗಿದಳು. ಬೈಗುಳದ ದನಿ ಹೋಗಿತ್ತು. ಅದಕ್ಕಿಂತ ತಣ್ಣಗಿನದೇನೋ ಬಂದಿತ್ತು.

"ನಿಮಗೆ ಇಲ್ಲಿಗೆ ಬರೋ ಮನಸ್ಸಿತ್ತಾ?"

ನೇರ ಪ್ರಶ್ನೆ. ಯಾರೂ ಇಷ್ಟು ವರ್ಷ ಇದನ್ನು ಕೇಳಿರಲಿಲ್ಲ. ಮೂರು ಅರ್ಜಿ ಬರೆದಿದ್ದೇನೆ, ನಾನೂ ಕೇಳಿಕೊಂಡಿರಲಿಲ್ಲ.

ಅವಳು ಅಡುಗೆಮನೆಗೆ ಹೋದಳು, ಉತ್ತರ ಸಿದ್ಧವಾಗಲಿ ಎನ್ನುವಂತೆ. ಈ ಪುಸ್ತಕ ತೆಗೆದು ಕೂತೆ. ಇಲ್ಲಿ ಬರೆದರೆ ತಿಳಿದೀತು ಎಂದು. ಈಗ ಮತ್ತೆ ಬಾಗಿಲಲ್ಲಿದ್ದಾಳೆ.

"ಅದರಲ್ಲಿ ಬರೀಬೇಡಿ. ನನಗೆ ಹೇಳಿ."

ಹೇಳುತ್ತೇನೆ. ನನಗೆ ಇಲ್ಲಿಗೆ ಬರುವ—