ನಾವು ಕೆರೆಗೆ ಹಾಕಿದ ಗೋಡೆ

ಮಾನ್ಯ ಕ್ಲೇಮು ವಿಭಾಗದ ಮುಖ್ಯಾಧಿಕಾರಿಗಳೇ,

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯ ಮಹದೇವಮ್ಮನವರು. ಹೇಳಿದ್ದು ಕಳೆದ ಆಷಾಢದಲ್ಲಿ, ಸೊಪ್ಪಿನ ಲಕ್ಕಮ್ಮನ ತಿಥಿ ಮುಗಿಸಿಕೊಂಡು ಬಂದ ಸಂಜೆ. ನೀವು ಅದನ್ನು ಕೇಳಲಿಲ್ಲ. ಕೇಳದೆಯೇ ‘ಹಾನಿಗೊಳಗಾದ ಆಸ್ತಿಯನ್ನು ಪರಿಶೀಲನೆಗೆ ಉಳಿಸಿಕೊಳ್ಳದ ಕಾರಣ ಕ್ಲೇಮು ತಿರಸ್ಕೃತ’ ಎಂದು ಬರೆದು ಕಳಿಸಿದಿರಿ. ನಮ್ಮ ಕಾಂಪೌಂಡು ಬಿದ್ದು ಒಬ್ಬ ಹೆಂಗಸು ಸತ್ತಳು. ಆಕೆಯ ಮಗಳಿಗೆ ಸಲ್ಲಬೇಕಾದ ಪರಿಹಾರವನ್ನು ನೀವು ತಡೆಹಿಡಿದಿದ್ದೀರಿ. ದೂರು ಇಷ್ಟೇ. ಆದರೆ ದೂರನ್ನು ಕಥೆಯಿಲ್ಲದೆ ಹೇಳುವ ಅಭ್ಯಾಸ ನಮ್ಮ ಕಡೆ ಇಲ್ಲ. ಸ್ವಲ್ಪ ಕೂತು ಕೇಳಿ.

ನಮ್ಮದು ಅರಸೀಕೆರೆಯ ಅಂಚಿನಲ್ಲಿರುವ ಹನ್ನೆರಡು ಮನೆಗಳ ಕಟ್ಟಡ. ಕೊಬ್ಬರಿ ವ್ಯಾಪಾರದವರು, ಮೇಷ್ಟ್ರುಗಳು, ಗಂಡಸಿ ಹೋಬಳಿಯಲ್ಲಿ ತೋಟವಿಟ್ಟುಕೊಂಡು ಇಲ್ಲಿ ವಾಸಿಸುವವರು ಇದ್ದೇವೆ. ಮನೆ ಅವರವರದು, ಮೆಟ್ಟಿಲು, ನೀರಿನ ಟ್ಯಾಂಕು, ಕಾಂಪೌಂಡು ಎಲ್ಲರದು. ಎಲ್ಲರದೂ ಆದದ್ದು ಕೊನೆಗೆ ಯಾರದೂ ಆಗದೆ ಹೋಗಬಾರದೆಂದು ಸಂಘ ಕಟ್ಟಿ, ಸಂಘದ ಹೆಸರಿನಲ್ಲಿ ನಿಮ್ಮ ಪಾಲಿಸಿ ಮಾಡಿಸಿದೆವು. ನಿಮ್ಮ ಏಜೆಂಟರು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ.

“ಗೋಡೆ ನಿಮ್ದು, ಬಿದ್ದಿದ್ದು ದಾರೀಲಿ ಹೋಗೋರ ಮೇಲೆ ಅಂತ ಇಟ್ಕಳಿ. ಅವಾಗ ನೀವು ತಲೆ ಕೆಡಿಸ್ಕೊಳ್ಳೋ ಹಂಗಿಲ್ಲ, ನಾವ್ ನೋಡ್ಕಂತೀವಿ” ಎಂದರು.

ಅಧ್ಯಕ್ಷರಾದ ಸಿದ್ದಬಸಪ್ಪನವರು ನಕ್ಕರು. “ನೀನು ಮಾತಲ್ಲೇ ನಮ್ ಗೋಡೆ ಬೀಳಿಸ್ಬ್ಯಾಡ ಕಣಯ್ಯ. ಸೈನ್ ಎಲ್ಲಿ ಮಾಡ್ಬೇಕು, ತೋರ್ಸು.”

ಆ ಗೋಡೆಯ ನೆರಳಿನಲ್ಲಿ ಬೆಳಗ್ಗೆ ಸೊಪ್ಪು ಹರಡಿಕೊಂಡು ಕೂರುತ್ತಿದ್ದವಳು ಲಕ್ಕಮ್ಮ. ಕಣಕಟ್ಟೆ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವವಳು. “ದಂಟು ಬಾಡೈತಲ್ಲ ಲಕ್ಕಮ್ಮ” ಎಂದರೆ, “ನಿಮ್ ಮಖಕ್ಕಿಂತ ವಾಸಿ ಐತೆ, ತಗಳಿ ಸ್ವಾಮಿ” ಎನ್ನುವ ಬಾಯಿ. ಗಂಡನಿಲ್ಲ. ಮಗಳು ಸಿಂಧು ಬೇಲೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಾಳೆ. ಯಾರಿಗಾದರೂ ಕೆಮ್ಮು ಬಂದರೂ ಸಾಕು, “ನನ್ ಮಗ್ಳು ಬರ್ಲಿ ತಡೀರಿ, ಸೂಜಿ ಹಾಕುಸ್ತೀನಿ” ಎಂದು ಹೆದರಿಸುತ್ತಿದ್ದಳು.

ಆ ವಾರ ಮಳೆ ಬಿಟ್ಟಿರಲಿಲ್ಲ. ಅಂದು ಬೆಳಗ್ಗೆ ಹೊಳವಾದದ್ದರಿಂದ ಆಕೆ ಬಂದು ಕೂತಿದ್ದಳು. ಮಹದೇವಮ್ಮನವರು ಸೊಪ್ಪು ಆರಿಸಿಟ್ಟು, ಪಾತ್ರೆ ತರಲು ಒಳಗೆ ಹೋದರು. ಪಾತ್ರೆ ಹಿಡಿದು ಹೊರಗೆ ಬಂದಾಗ ಲಕ್ಕಮ್ಮ ಕೂತಿದ್ದ ಕಡೆಯ ಗೋಡೆ ಇರಲಿಲ್ಲ.

ಪೊಲೀಸರು ಬಂದು ಮಹಜರು ಮಾಡಿದರು, ದೇಹವನ್ನು ಆಸ್ಪತ್ರೆಗೆ ಸಾಗಿಸಿದರು. ಸಿಂಧುವಿಗೆ ‘ಅವ್ವನಿಗೆ ಹುಷಾರಿಲ್ಲ’ ಎಂದಷ್ಟೇ ಫೋನಿನಲ್ಲಿ ಹೇಳಲಾಗಿತ್ತು. ಅವಳು ಬೇಲೂರಿನಿಂದ ಬಸ್ಸು ಹತ್ತಿಯಾಗಿತ್ತು. ರಕ್ತ ಹತ್ತಿದ ಕಲ್ಲುಗಳು, ತುಳಿದ ಸೊಪ್ಪು ಎಲ್ಲ ಹಾಗೆಯೇ ಬಿದ್ದಿದ್ದವು.

“ಬಸ್ ಇಳಿದೋಳು ಮೊದ್ಲು ಇಲ್ಲಿಗೇ ಬತ್ತಾಳೆ. ಅವಳ ಕಣ್ಣಿಗೆ ಇದು ಬೀಳಬಾರ್ದು. ಎತ್ರಪ್ಪಾ” ಎಂದರು ಮಹದೇವಮ್ಮ.

ಎರಡನೇ ಮಹಡಿಯ ನಂದಿತಾ ಹೇಳಿದ್ದು ಸರಿಯಾಗಿಯೇ ಇತ್ತು: “ಆಂಟಿ, ಇನ್ಶೂರೆನ್ಸ್‌ನವ್ರು ನೋಡೋವರೆಗೂ ಮುಟ್ಬಾರ್ದಂತೆ. ಎರಡು ಫೋಟೊ ಆದ್ರೂ ತೆಗೀತೀನಿ.”

“ಒಳಗಿಡೇ ಅದನ್ನ. ನಿಮ್ಮವ್ವ ಬಿದ್ದಿದ್ರೆ ಫೋಟೊ ಹೊಡೀತಿದ್ಯಾ?”

ನಂದಿತಾ ಫೋನು ಒಳಗಿಟ್ಟು ಪೊರಕೆ ಹಿಡಿದಳು. ಜೀವ ತೆಗೆದ ಕಲ್ಲನ್ನು ನಮ್ಮ ಹಿರಿಯರು ಬಾಗಿಲಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ, ಇನ್ನೊಂದು ಗೋಡೆಗೂ ಇಡುತ್ತಿರಲಿಲ್ಲ, ನೀರಿಗೆ ಬಿಡುತ್ತಿದ್ದರು. ನಮ್ಮ ಕಟ್ಟಡದವನೇ ಆದ ಚಿದಂಬರನ ಟ್ರ್ಯಾಕ್ಟರಿನಲ್ಲಿ ಕಲ್ಲೆಲ್ಲ ಕಣಕಟ್ಟೆ ರಸ್ತೆಯ ಕೆರೆಗೆ ಹೋದವು. ಹೆಂಗಸರು ನೆಲ ತೊಳೆದು, ಸಗಣಿ ಸಾರಿಸಿ ದೀಪ ಹಚ್ಚಿದರು. ಸಿಂಧು ಬಂದಾಗ ಕಂಡದ್ದು ಆ ದೀಪ ಮಾತ್ರ.

ಇದಾದ ಎಷ್ಟೋ ದಿನಕ್ಕೆ ನಿಮ್ಮ ಸರ್ವೇಯರು ಕಾರಿನಲ್ಲಿ ಬಂದರು.

“ಗೋಡೆ ಎಲ್ಲಿ?”

“ಬಿತ್ತಲ್ಲ ಸ್ವಾಮಿ.”

“ಬಿದ್ದ ಗೋಡೆ ಎಲ್ರೀ?”

“ಕೆರೇಲೈತೆ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಗೋಡೆ ಮಳೆಗೆ ಬಿತ್ತೋ, ನಮ್ಮ ಅಲಕ್ಷ್ಯದಿಂದ ಬಿತ್ತೋ ಎಂದು ಕಲ್ಲು ನೋಡದೆ ಹೇಳಲಾಗದೆಂದು ಹೊರಟರು. ಆ ಹೆಣ್ಣುಮಗಳು ಯಾರು, ಅವಳ ಮಗಳು ಎಲ್ಲಿದ್ದಾಳೆ ಎಂದು ಕೇಳಲಿಲ್ಲ. ಅದನ್ನು ಕೇಳುವುದು ಅವರ ಕೆಲಸವಲ್ಲವೇನೋ.

ಮಾನ್ಯರೇ, ನಿಮ್ಮ ನಿಯಮ ನನಗೆ ಅರ್ಥವಾಗುತ್ತದೆ. ಸುಳ್ಳು ಹೇಳಿ ಪರಿಹಾರ ಹೊಡೆಯುವವರೂ ಇದ್ದಾರೆ, ಒಪ್ಪಿದೆ. ಆದರೆ ಬಿದ್ದದ್ದು ಅರ್ಧ ಗೋಡೆ ಮಾತ್ರ. ಅದೇ ಗಾರೆ, ಅದೇ ಕಲ್ಲು, ಅದೇ ಮೇಸ್ತ್ರಿಯ ಕೈಕೆಲಸದ ಉಳಿದರ್ಧ ಇವತ್ತಿಗೂ ನಿಂತಿದೆ. ನಿಮ್ಮ ಸರ್ವೇಯರು ಅದಕ್ಕೇ ಒರಗಿ ನಿಂತು ಫೋನಿನಲ್ಲಿ ಮಾತಾಡಿದರು, ತಿರುಗಿ ನೋಡಲಿಲ್ಲ. ಆ ವಾರ ಸುರಿದ ಮಳೆಯ ಲೆಕ್ಕ ಸರ್ಕಾರದ ಬಳಿಯೇ ಇದೆ, ಮಹಜರು ಠಾಣೆಯಲ್ಲಿದೆ. ಇಷ್ಟಿದ್ದೂ ನಿಮಗೆ ಸಾಲದಾಯಿತೇ? ಅಥವಾ ನಿಮ್ಮ ಪಾಲಿಸಿದಾರರು ರಕ್ತ ಹತ್ತಿದ ಕಲ್ಲು ಕಾಯುತ್ತ ಕೂತು, ಬಂದ ಮಗಳಿಗೆ ‘ತಡಿಯಮ್ಮ, ಸರ್ವೇಯರು ಬರಲಿ’ ಎನ್ನಬೇಕಿತ್ತೇ? ಹಾಗಿದ್ದರೆ ಅದನ್ನು ಸಹಿ ಹಾಕಿಸುವ ಮುನ್ನವೇ ತಿಳಿಸಬಾರದಿತ್ತೇ?

ನಿಮ್ಮ ಪತ್ರ ಈ ಮಾಘದಲ್ಲಿ ಬಂತು. ಆ ಸಂಜೆ ಎಲ್ಲರೂ ಮೆಟ್ಟಿಲ ಮೇಲೆ ಕೂತೆವು. ಓದಿಗೆ ದಾರಿಯಾಗುತ್ತದೆಯೇ ಎಂದು ಕೇಳಲು ಸಿಂಧುವೂ ಬಂದಿದ್ದಳು. ಅವಳಿಗಿನ್ನೂ ಒಂದು ವರ್ಷದ ಓದು ಉಳಿದಿದೆ. ಮಹದೇವಮ್ಮ ಆ ದಿನದ್ದನ್ನೆಲ್ಲ ಮೊದಲಿನಿಂದ ಹೇಳಿದರು. ಕಲ್ಲುಗಳು ಎಲ್ಲಿಗೆ ಹೋದವು, ಯಾಕೆ ಹೋದವು ಎಂಬುದನ್ನು ಸಿಂಧು ಕೇಳಿದ್ದು ಅಂದೇ ಮೊದಲು.

“ಹಂಗಾದ್ರೆ ನನ್ನಿಂದ್ಲೇ ಹೋಯ್ತು ಅನ್ನಿ” ಎಂದಳು.

“ಥೂ, ಸುಮ್ಕಿರು. ಹೋಗಿದ್ದು ನಮ್ ಬುದ್ಧಿ” ಎಂದರು ಮಹದೇವಮ್ಮ. ಸಿಂಧು ಕೊನೆಯ ಬಸ್ಸಿಗೆ ಊರಿಗೆ ಹೋದಳು. ಹೊರಡುವ ಮುನ್ನ, ನಾಳೆ ಬೇಲೂರಿಗೆ ಹೋಗಿ ಹಾಸ್ಟೆಲಿನ ಸಾಮಾನು ತಂದುಬಿಡುತ್ತೇನೆ, ಓದು ಸಾಕು ಎಂದಿದ್ದಳು.

ನನ್ನ ಬೇಡಿಕೆ ಇದು: ಇನ್ನೊಬ್ಬ ಸರ್ವೇಯರನ್ನು ಕಳಿಸಿ. ನಿಂತ ಗೋಡೆಯನ್ನು ನೋಡಲಿ, ಮಹಜರು ಓದಲಿ, ಪರಿಹಾರವನ್ನು ನೇರವಾಗಿ ಸಿಂಧುವಿನ ಹೆಸರಿಗೆ, ಅವಳ ಓದಿನ ವರ್ಷ ತಪ್ಪುವ ಮೊದಲೇ ಮಂಜೂರು ಮಾಡಿ. ಬಿದ್ದ ಕಲ್ಲೇ ಬೇಕೆಂದರೆ ನೀವೇ ಕೆರೆಗೆ ಬನ್ನಿ. ನಾವು ತಂದುಕೊಡುವುದಿಲ್ಲ. ಯಾಕೆಂಬುದನ್ನು ಹೇಳಿ ಮುಗಿಸುತ್ತೇನೆ.

ಆ ಸಂಜೆಯ ಮರುದಿನ ಬೆಳಗ್ಗೆ, ಕಥೆ ಕೇಳಿದ್ದ ಗಂಡಸರು ನಾವು ಐದಾರು ಮಂದಿ ಕಲ್ಲುಗಳನ್ನು ನಿಮಗಾಗಿ ಎತ್ತಿ ತರೋಣವೆಂದು ಟ್ರ್ಯಾಕ್ಟರಿನಲ್ಲಿ ಕೆರೆಗೆ ಹೋದೆವು. ನೀರು ಹಿಂದೆ ಸರಿದು, ಕಲ್ಲುಗಳು ಏರಿಯ ಕೆಳಗೆ ಬಿಸಿಲಿಗೆ ಬಿದ್ದಿದ್ದವು. ಒಂದು ಮಗ್ಗುಲಿಗೆ ನಮ್ಮ ಕಾಂಪೌಂಡಿನ ಹಳದಿ ಬಣ್ಣ ಇನ್ನೂ ಅಂಟಿತ್ತು. ಸಿದ್ದಬಸಪ್ಪನವರು ಬಗ್ಗಿ ಮೊದಲ ಕಲ್ಲಿಗೆ ಕೈ ಹಾಕಿದರು. ಏರಿಯ ಆ ತುದಿಯಲ್ಲಿ ಬಸ್ಸು ಕಂಡಿತು.

“ಆ ಮಗು ಇದ್ರಲ್ಲೇ ಬತ್ತದೆ ಕಣ್ರೋ” ಎಂದರು.

ಏರಿ ಹತ್ತಿ, ಕಲ್ಲು ಕಾಣದ ಹಾಗೆ ಒಬ್ಬರಿಗೊಬ್ಬರು ಒತ್ತಿಕೊಂಡು ರಸ್ತೆಯ ಬದಿಗೆ ಸಾಲಾಗಿ ನಿಂತೆವು. ಕಿಟಕಿಯಲ್ಲಿ ಸಿಂಧು ಕಂಡಳು; ಸಿದ್ದಬಸಪ್ಪನವರು ಕೈ ಎತ್ತಿದರು, ಅವಳೂ ಎತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಹಾಗೆಯೇ ನಿಂತಿದ್ದು, ಖಾಲಿ ಟ್ರ್ಯಾಕ್ಟರಿನಲ್ಲಿ ಮನೆಗೆ ಬಂದೆವು.

ಇಂತಿ,
ಗೋಡೆಯನ್ನು ನಿಮಗಾಗಿ ಉಳಿಸಿಕೊಳ್ಳಲಾಗದ ಹನ್ನೆರಡು ಮನೆಗಳವರಲ್ಲಿ ಒಬ್ಬ,
ಅರಸೀಕೆರೆ